ಮೂರು ರ್ಯಾಲಿ ಬಿಟ್ಟರೂ ಓಜಿಯೆ ಗೆದ್ದದ್ದು ಹೆಂಗ?

ತಮ್ಮಾ, ನೀ ಹಾವೇರಿಯಿಂದ ಕೇಳಿದ್ದು ಭಾಳ ಛಲೋ ಪ್ರಶ್ನೆ. 2025ರ ವಿಶ್ವ ರ್ಯಾಲಿ ಚಾಂಪಿಯನ್‌ಶಿಪ್‌ನ್ಯಾಗ (ಕಾರುಗಳನ್ನ ಒಂದರ ಹಿಂದ ಒಂದು ಬಿಟ್ಟು ವ್ಯಾಳ್ಯಾ ಅಳೆಯೂ ಪಂದ್ಯಗಳು) 14ಕ್ಕ 14 ರ್ಯಾಲಿ ಓಡಿಸಿದ ಎಲ್ಫಿನ್ ಎವನ್ಸ್ ಸೋತು, ಬರೇ 11 ಓಡಿಸಿದ ಸೆಬಾಸ್ಟಿಯನ್ ಓಜಿಯೆ ಗೆದ್ದದ್ದು ನ್ಯಾಯನಾ ಅಂತ ಕೇಳೀದಿ. ನನ್ನ ಮಟ್ಟಿಗೆ ನ್ಯಾಯನ. ಆದ್ರ ಎವನ್ಸ್‌ನ ಕಷ್ಟಾನೂ ಸಣ್ಣದಲ್ಲ.

ಮೊದಲ ಲೆಕ್ಕ ನೋಡು. ಓಜಿಯೆ 293, ಎವನ್ಸ್ 289. ಅಂತರ ನಾಲ್ಕ ಅಂಕ. ಓಜಿಯೆ ಮಾಂಟೆ ಕಾರ್ಲೊ, ಪೋರ್ಚುಗಲ್, ಸಾರ್ಡೀನಿಯಾ, ಪರಾಗ್ವೆ, ಚಿಲಿ, ಜಪಾನ್ ಅಂತ ಆರು ಗೆದ್ದ. ಎವನ್ಸ್ ಗೆದ್ದದ್ದು ಸ್ವೀಡನ್ ಮತ್ತ ಕೀನ್ಯಾ, ಎರಡಕ್ಕೂ ಓಜಿಯೆ ಬಂದಿರಲಿಲ್ಲ. ಗೆದ್ದವಗ 25, ಎರಡನೇದವಗ 17 ಕೊಡೂ ಪದ್ಧತಿಯೊಳಗ ಆರು ಗೆಲುವಿನ ತೂಕ ದೊಡ್ಡದು. ರ್ಯಾಲಿಯ ಒಂದೊಂದು ತುಂಡು ರಸ್ತೆಯ ಓಟಕ್ಕ ಸ್ಟೇಜ್ ಅಂತಾರ. ರವಿವಾರದ ಓಟದಾಗ ಮೊದಲ ಬಂದವಗ ಐದು, ಪವರ್ ಸ್ಟೇಜ್ ಅನ್ನೂ ಕಡೇ ಸ್ಟೇಜಿನ್ಯಾಗ ಮೊದಲ ಬಂದವಗ ಮತ್ತೈದು ಬ್ಯಾರೆ ಸಿಗ್ತಾವ. ಹಿಂಗಾಗಿ ಒಂದು ರ್ಯಾಲಿಯೊಳಗ ಹೆಚ್ಚಂದ್ರ 35.

ಇನ್ನ ಎವನ್ಸ್‌ನ ಕಷ್ಟ. ಶುಕ್ರವಾರ ಅಂಕಪಟ್ಟಿಯೊಳಗ ಮುಂದಿದ್ದವನ ಮೊದಲ ರಸ್ತೆಗೆ ಇಳೀಬೇಕು. ಹೊಸದಾಗಿ ಗರಸು ಹಾಕಿದ ರಸ್ತೆ ಮ್ಯಾಲ ಗಾಡಿ ಬಿಟ್ಟೀ ಏನು? ಸಡಿಲ ಹಳ್ಳಿನ ಮ್ಯಾಲ ಗಾಲಿ ಹಿಡಿತಾನ ಸಿಗೂದಿಲ್ಲ. ನಾಕು ಗಾಡಿ ಹೋದ ಮ್ಯಾಲ ಗಾಲಿಯ ಜಾಡು ಸ್ವಚ್ಛ ಆಗ್ತದ, ಕೆಳಗಿನ ಗಟ್ಟಿ ನೆಲ ಸಿಗ್ತದ. ಪೋರ್ಚುಗಲ್, ಸಾರ್ಡೀನಿಯಾ, ಗ್ರೀಸ್, ಎಸ್ಟೋನಿಯಾ, ಈ ನಾಕೂ ಕಡೆ ಶುಕ್ರವಾರ ಆ ಕಸಬರಿಗೆ ಕೆಲಸ ಎವನ್ಸ್‌ನ ಪಾಲಿಗೆ ಬಂತು. ಓಜಿಯೆ ಕೆಲವು ಬಿಟ್ಟಿದ್ದರಿಂದ ಪಟ್ಟಿಯೊಳಗ ಕೆಳಗಿದ್ದು, ಹಿಂದಿಂದ ಬಂದು ಲಾಭ ತಗೊಂಡ. ಡಾಂಬರಿನ ಮ್ಯಾಲ ಇದು ಉಲ್ಟಾ. ಮಳೆಯಾದ ಮ್ಯಾಲ ನವಲಗುಂದ ಕಡೆ ಟ್ರ್ಯಾಕ್ಟರ್ ಎರೆಹೊಲದಿಂದ ರಸ್ತೆಗೆ ಹತ್ತಿದಾಗ ಡಾಂಬರ ತುಂಬ ರಾಡಿ ಆಗ್ತದಲ್ಲ, ಹಂಗ ಮುಂದಿನವ್ರು ತಿರುವಿನ ಒಳಬದಿ ಕೊಯ್ದು ಎಳೆದ ಮಣ್ಣು ಹಿಂದಿನವ್ರಿಗೆ ಕಾಡ್ತದ.

ಸೌದಿಯ ಕಡೇ ರ್ಯಾಲಿಗೆ ಎವನ್ಸ್ ಮೂರು ಅಂಕ ಮುಂದ ಹೋಗಿದ್ದ. ಅಲ್ಲೆ ಓಜಿಯೆ ಮೂರನೇದವ, ಎವನ್ಸ್ ಆರನೇದವ. 2020, 2021, 2023, 2024, ಈಗ 2025: ಚಾಂಪಿಯನ್‌ಶಿಪ್‌ನ್ಯಾಗ ಎವನ್ಸ್‌ಗೆ ಐದು ಸಲ ಎರಡನೇ ಸ್ಥಾನ. ನನಗ ಆ ರಾತ್ರಿ ಖರೇನ ಸಂಕಟ ಆತು. ಓಜಿಯೆಗೆ ಅದು ಒಂಬತ್ತನೇ ಪಟ್ಟ, ಒಂಬತ್ತು ಸಲ ಗೆದ್ದ ಸೆಬಾಸ್ಟಿಯನ್ ಲೋಬ್‌ಗೆ ಸರಿಸಮ.

ಮುಂದಿನ ಸಲ ಹಿಂಗ ಮಾಡು. ಗುರುವಾರ ರಾತ್ರಿನ ಶುಕ್ರವಾರ ಗಾಡಿ ಬಿಡೂ ಕ್ರಮ ಒಂದು ವಹಿಯೊಳಗ ಬರಕೋ. ಆ ಸ್ಟೇಜಿನ್ಯಾಗ ಮೊದಲ ಬಂದವನಕಿಂತ ಯಾರು ಎಷ್ಟು ಸೆಕೆಂಡ್ ಹಿಂದ ಬಿದ್ದರೋ ಅದನ್ನ ಸ್ಟೇಜಿನ ಕಿಲೋಮೀಟರಿನಿಂದ ಭಾಗಿಸು. 20 ಕಿ.ಮೀ.ಗೆ 12 ಸೆಕೆಂಡ್ ಅಂದ್ರ ಕಿಲೋಮೀಟರಿಗೆ 0.6. ಅದೇ ಸ್ಟೇಜ್ ಮಧ್ಯಾಹ್ನ ಎರಡನೇ ಸಲ ಓಡ್ತದ, ಆಗ ಹಳ್ಳು ಸರದಿರ್ತದ. ಮುಂಜಾನೆಯ 0.6 ಮಧ್ಯಾಹ್ನ 0.2ಕ್ಕ ಇಳದ್ರ ತಪ್ಪು ರಸ್ತೇದು. ಇಳೀಲಿಲ್ಲಂದ್ರ ಅಂವಗ ಆ ದಿನ ವೇಗ ಇರಲಿಲ್ಲ ಅಂತ ಬರಕೋ.