ರಾತ್ರಿ ಪ್ರಯಾಣದ ರೈಲುಗಳಿಗೂ ಬೆಂಗಳೂರು–ಚೆನ್ನೈ ರೈಲಿನಂತೆ ಡಬಲ್ ಡೆಕ್ಕರ್ ಬೋಗಿ ಏಕಿಲ್ಲ?
ಮಲಗಿ ಹೋಗುವ ರೈಲಿಗೆ ಎರಡನೇ ಅಂತಸ್ತಿನಿಂದ ಹೆಚ್ಚು ಲಾಭವಿಲ್ಲ. ಮೇಲಿನ ವಿದ್ಯುತ್ ತಂತಿ, ಸೇತುವೆ, ಸುರಂಗಗಳಿಂದಾಗಿ ಬೋಗಿಯನ್ನು ಬೇಕಾದಷ್ಟು ಎತ್ತರಿಸಲು ಬರುವುದಿಲ್ಲ. ಇರುವ ಎತ್ತರದಲ್ಲೇ ಎಸಿ ತ್ರೀ ಟಯರ್ ಬೋಗಿ ಮೂರು ಬರ್ತ್‌ಗಳನ್ನು ಒಂದರ ಮೇಲೊಂದು ಜೋಡಿಸಿ 72 ಜನರನ್ನು ಮಲಗಿಸುತ್ತದೆ. ಅಂದರೆ ಮೇಲಿನ ಜಾಗ ಆಗಲೇ ಬಳಕೆಯಾಗಿದೆ. ಕುಳಿತವರ ತಲೆಯ ಮೇಲಾದರೆ ಅದು ಖಾಲಿ ಬಿದ್ದಿರುತ್ತದೆ. ಹಾಗಾಗಿಯೇ ಸಾಮಾನ್ಯ ಎಸಿ ಚೇರ್ ಕಾರ್‌ನಲ್ಲಿ 78 ಆಸನಗಳಿದ್ದರೆ ಡಬಲ್ ಡೆಕ್ಕರ್‌ನಲ್ಲಿ 120.

2013ರಲ್ಲಿ ಆರಂಭವಾದ ಚೆನ್ನೈ ರೈಲಿನದು ಸುಮಾರು ಆರು ಗಂಟೆಗಳ ಹಗಲು ಪಯಣ, ಅಲ್ಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಛಾವಣಿ ತಗ್ಗು, ದೊಡ್ಡ ಪೆಟ್ಟಿಗೆ ಇಡಲು ಜಾಗ ಕಡಿಮೆ. ವಯಸ್ಸಾದ ತಂದೆ ತಾಯಿಯರನ್ನು ಕರೆದೊಯ್ಯುವಾಗ ಆ ಇಕ್ಕಟ್ಟಾದ ಮೆಟ್ಟಿಲುಗಳನ್ನು ದಯವಿಟ್ಟು ನೆನಪಿಡಿ.