5 ಕಿ.ಮೀ. ಮಹಿಳಾ ಓಟಕ್ಕೆ ಗೆಳತಿಯರೆಲ್ಲ ಸೇರಿ ತಯಾರಾಗುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಮುಂಬೈಯ ಮಾಟುಂಗಾದ ಆರು ಗೆಳತಿಯರು, 34ರಿಂದ 58ರ ವಯಸ್ಸು, ಯಾರಿಗೂ ಓಡಿ ರೂಢಿಯಿಲ್ಲ. ಇನ್ನೆರಡು ತಿಂಗಳಿಗೆ ಕ್ಯಾನ್ಸರ್ ರೋಗಿಗಳ ನೆರವಿಗೆಂದು ನಡೆಯುವ 5 ಕಿ.ಮೀ. ಮಹಿಳಾ ಓಟಕ್ಕೆ ಸೇರಬಹುದೇ, ಇಬ್ಬರು ಸೀರೆಯಲ್ಲೇ ಓಡಬಹುದೇ? ಎರಡಕ್ಕೂ ಧಾರಾಳವಾಗಿ ಹೂಂ ಅನ್ನುತ್ತೇನೆ. 2012ರಲ್ಲಿ ಮುಂಬೈಯಲ್ಲಿ ಶುರುವಾದ ಪಿಂಕಥಾನ್‌ನಂಥ ಮಹಿಳಾ ಓಟಗಳಲ್ಲಿ ಸೀರೆ ಉಟ್ಟವರೂ ಬುರ್ಖಾ ತೊಟ್ಟವರೂ ಓಡುತ್ತಾರೆ.

ಒಂದು ಮಾತು ಮೊದಲೇ ಆರೂ ಜನ ಒಪ್ಪಿಕೊಳ್ಳಿ. ಎಲ್ಲರಿಗಿಂತ ನಿಧಾನ ಯಾರೋ, ಅವರ ವೇಗವೇ ಗುಂಪಿನ ವೇಗ. ಶುರುವಿನಲ್ಲಿ ಡೋಲು, ಮೈಕು, ಜನರ ಕೂಗು ಕೇಳಿ ಕಾಲು ತಾನಾಗಿ ಓಡುತ್ತದೆ. ಮುಂದಿದ್ದವರನ್ನು ಹಿಡಿಯಲು ಹೋದವರಿಗೆ ಎರಡನೇ ಕಿ.ಮೀ.ಗೇ ಪಕ್ಕೆ ಹಿಡಿದುಕೊಳ್ಳುತ್ತದೆ. ಅಭ್ಯಾಸದಲ್ಲೂ ಓಟದಲ್ಲೂ ನಿಮ್ಮ ಗುಂಪಿನ 58ರ ಅಕ್ಕ ಮುಂದಿರಲಿ, ಉಳಿದವರು ಹಿಂದೆ. ಆ ಅಕ್ಕನಿಗೆ ಬಿಪಿ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಏನಾದರೂ ಇದ್ದರೆ ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಬೇಕು.

ಅಭ್ಯಾಸಕ್ಕೆ ನಿಮಗೆ ಶಿವಾಜಿ ಪಾರ್ಕ್ ಹತ್ತಿರ. ಕಟ್ಟೆಯ ಸುತ್ತ ಒಂದು ಸುತ್ತಿಗೆ ಸುಮಾರು 1.2 ಕಿ.ಮೀ., ನಾಲ್ಕು ಸುತ್ತು ಹಾಕಿದರೆ ಹೆಚ್ಚುಕಡಿಮೆ ನಿಮ್ಮ ಓಟದಷ್ಟು. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಮೊದಲ ಎರಡು ವಾರ 1 ನಿಮಿಷ ಮೆಲ್ಲಗೆ ಓಟ, 2 ನಿಮಿಷ ನಡಿಗೆ, ಹೀಗೆ ಎಂಟು ಸಲ. ಮೂರು–ನಾಲ್ಕನೇ ವಾರ 2 ನಿಮಿಷ ಓಟ, 2 ನಿಮಿಷ ನಡಿಗೆ, ಏಳು ಸಲ. ಐದು–ಆರನೇ ವಾರ 3ಕ್ಕೆ 1, ಎಂಟು ಸಲ. ಏಳನೇ ವಾರ 5ಕ್ಕೆ 1, ಆರು ಸಲ. ಕೊನೆಯ ವಾರ ಅರ್ಧಕ್ಕಿಳಿಸಿ. ಓಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ವೇಗ ಜಾಸ್ತಿಯಾಯಿತು ಅಂತಲೇ ಲೆಕ್ಕ, ಆದ್ದರಿಂದ ಹರಟುತ್ತಲೇ ಓಡಿ. ಉತ್ಸಾಹ ಬಂದು ಒಂದೇ ವಾರದಲ್ಲಿ ದುಪ್ಪಟ್ಟು ಓಡಿದವರಿಗೆ ಮೊಣಕಾಲ ಕೆಳಗೆ ಮುಂಭಾಗದ ಮೂಳೆ ನೋಯುತ್ತದೆ. ಬೆರಳಿಟ್ಟು ತೋರಿಸುವಂತೆ ಒಂದೇ ಜಾಗದಲ್ಲಿ ನೋವಿದ್ದರೆ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಶೂಗಿಂತ ಮೊದಲು ಸ್ಪೋರ್ಟ್ಸ್ ಬ್ರಾ ನೋಡಿ. ಇದು ಸರಿಯಿಲ್ಲದೆ ಓಟ ಬಿಡುವವರು ಅನೇಕರು. ಎದೆಯ ಕೆಳಗಿನ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಅದಕ್ಕಿಂತ ಹೆಚ್ಚಲ್ಲ. ಭಾರ ಹೊರುವುದು ಆ ಪಟ್ಟಿ, ಭುಜದ ಪಟ್ಟಿಯಲ್ಲ. ಅಂಗಡಿಯಲ್ಲೇ ನಾಲ್ಕು ಸಲ ಜಿಗಿದು ನೋಡಿ. ಮುಂಬೈಯ ಬೆವರಿಗೆ ಪಟ್ಟಿಯ ಅಂಚು ಚರ್ಮ ಉಜ್ಜುತ್ತದೆ, ಅಲ್ಲಿಗೂ ತೊಡೆಗಳ ನಡುವೆಯೂ ವ್ಯಾಸಲೀನ್ ಹಚ್ಚಿ. ಶೂ ಸಂಜೆ ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ಹೆಬ್ಬೆರಳ ಮುಂದೆ ಅರ್ಧ ಇಂಚು ಜಾಗವಿರಲಿ.

ಹೆರಿಗೆಯಾದವರಿಗೆ ಓಡುವಾಗ ಒಂದೆರಡು ಹನಿ ಮೂತ್ರ ಸೋರುವುದುಂಟು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀವು ಆರು ಜನ ದಯವಿಟ್ಟು ಹೇಳಿಕೊಳ್ಳಿ. ನೀರು ಕಡಿಮೆ ಕುಡಿಯುವುದು ಪರಿಹಾರವಲ್ಲ. ಮೂತ್ರ ತಡೆಹಿಡಿಯುವ ಸ್ನಾಯುವನ್ನು ಬಿಗಿಹಿಡಿದು ಬಿಡುವ ಕೀಗಲ್ ವ್ಯಾಯಾಮ ದಿನಾ ಮಾಡಿ, ನಿಲ್ಲದಿದ್ದರೆ ಫಿಸಿಯೋಥೆರಪಿಸ್ಟ್ ಇದ್ದಾರೆ. ಎಷ್ಟು ವಾರವಾದರೂ ಏದುಸಿರು ಕಡಿಮೆಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ, 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಮುಟ್ಟಿನಲ್ಲಿ ಓಡಬಹುದು, ಆದರೆ ಹೊಸ ಕಪ್ಪನ್ನೋ ಹೊಸ ಪ್ಯಾಡನ್ನೋ ಓಟದ ದಿನವೇ ಪರೀಕ್ಷಿಸಬೇಡಿ.

ಸೀರೆಗೆ ಒಂಬತ್ತು ಗಜದ ಕಚ್ಚೆಯೇ ಉತ್ತಮ, ಹೆಜ್ಜೆ ಬಿಡುವಾಗಿ ಬೀಳುತ್ತದೆ. ಆರು ಗಜದ್ದಾದರೆ ಪಾದದಿಂದ ಒಂದು ಗೇಣು ಮೇಲಕ್ಕೆ ಉಟ್ಟು, ಲಂಗದ ಬದಲು ಒಳಗೆ ಟೈಟ್ಸ್ ಹಾಕಿ, ಸೊಂಟಕ್ಕೆ ಎಲಾಸ್ಟಿಕ್ ಬೆಲ್ಟ್ ಕಟ್ಟಿ. ಸೆರಗನ್ನು ಬೆನ್ನಿನಿಂದ ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿ. ಭುಜದ ಪಿನ್ನು ಬ್ರಾ ಪಟ್ಟಿಯ ಮೇಲೆ ಬರದಂತೆ ಚುಚ್ಚಿ, ಇಲ್ಲದಿದ್ದರೆ ಹೆಜ್ಜೆಹೆಜ್ಜೆಗೂ ಒತ್ತಿ ಗಾಯವಾಗುತ್ತದೆ. ಅದೇ ಸೀರೆಯಲ್ಲಿ ಒಮ್ಮೆಯಾದರೂ 3 ಕಿ.ಮೀ. ಓಡಿ ನೋಡಿ.

ಬಿಬ್ ಅಂದರೆ ನಿಮ್ಮ ಓಟದ ನಂಬರಿನ ಚೀಟಿ. ಅದಕ್ಕೆ ಎದೆಯ ಮೇಲೆ ನಾಲ್ಕು ಮೂಲೆಗೂ ಪಿನ್ ಹಾಕಿ, ಸೆರಗಿನಡಿ ಮುಚ್ಚಬಾರದು, ಸಮಯ ಅಳೆಯುವ ಚಿಪ್ ಇದ್ದರೆ ಮಡಚಬಾರದು. ಹಿಂಬದಿಯಲ್ಲಿ ರಕ್ತದ ಗುಂಪು, ಮನೆಯವರ ನಂಬರು ಬರೆಯಿರಿ. ಗೆಳತಿ ಬರಲಿಲ್ಲವೆಂದು ಅವರ ಬಿಬ್ ಇನ್ನೊಬ್ಬರು ಹಾಕಿಕೊಳ್ಳಬೇಡಿ. ಬಿದ್ದರೆ ವೈದ್ಯರಿಗೆ ತಪ್ಪು ಮಾಹಿತಿ ಸಿಗುತ್ತದೆ. ಒಂದು ಗಂಟೆ ಮೊದಲು ಬಾಳೆಹಣ್ಣೋ ಎರಡು ಇಡ್ಲಿಯೋ ಸಾಕು. ಇಬ್ಬಿಬ್ಬರಾಗಿ ರಸ್ತೆಯ ಒಂದು ಬದಿಗೆ ಓಡಿ, ಕೈ ಹಿಡಿದು ಆರು ಜನ ಸಾಲಾಗಿ ಹೋದರೆ ಹಿಂದಿನವರು ಎಡವುತ್ತಾರೆ. ಕೈ ಹಿಡಿಯುವುದನ್ನು ಕೊನೆಯ ನೂರು ಮೀಟರಿಗೆ ಇಟ್ಟುಕೊಳ್ಳಿ. ಮರಳುವಾಗ ಭಾನುವಾರದ ಮೆಗಾ ಬ್ಲಾಕ್, ಅಂದರೆ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಹೊತ್ತು, ನೋಡಿಕೊಳ್ಳಿ.

ಇನ್ನು ಹಣ. ನೋಂದಣಿ ಶುಲ್ಕದ ಬಹುಪಾಲು ಟೀಶರ್ಟ್, ಪದಕ, ನೀರು, ಆಂಬುಲೆನ್ಸಿಗೆ ಹೋಗುವುದುಂಟು. ರೋಗಿಗಳಿಗೆ ಎಷ್ಟು ತಲುಪುತ್ತದೆ ಎಂದು ಸಂಘಟಕರನ್ನು ಲಿಖಿತವಾಗಿ ಕೇಳಿ. ನಿಮ್ಮದೇ ಸಂಗ್ರಹ ಮಾಡುವುದಾದರೆ, ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬಡ ರೋಗಿಗಳ ಚಿಕಿತ್ಸೆಗೆಂದು ನೇರವಾಗಿ ದಾನ ಕೊಡಬಹುದು. ಒಬ್ಬರ ಜಿಪೇಗೆ ಎಲ್ಲರ ದುಡ್ಡು ಸೇರಿಸಿ ಕಳಿಸಿದರೆ ತೆರಿಗೆ ವಿನಾಯಿತಿಯ ರಸೀದಿ ಆ ಒಬ್ಬರ ಹೆಸರಿಗಷ್ಟೇ ಬರುತ್ತದೆ. ಕೊಡುವವರೇ ತಮ್ಮ ಪ್ಯಾನ್ ನಂಬರು ಕೊಟ್ಟು ಆಸ್ಪತ್ರೆಯ ಖಾತೆಗೆ ಕಳಿಸಲಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ತೆರಿಗೆ ವಿನಾಯಿತಿ ಇಲ್ಲ.