ಒಂದೇ ಬಗೆಯ ಎರಡು ಪಡೆಗಳು ಮತ್ತು ಮೊದಲ ಸರದಿ

ಮೇಜಿನ ಮೇಲೆ ಪುಟ್ಟ ಸೈನಿಕ ಬೊಂಬೆಗಳನ್ನಿಟ್ಟು ಆಡುವ ವಾರ್‌ಹ್ಯಾಮರ್ 40,000 ಎಂಬ ಯುದ್ಧದಾಟದಲ್ಲಿ ನೀವಿಬ್ಬರೂ ಸ್ಪೇಸ್ ಮರೀನ್ ಎಂಬ ಒಂದೇ ಬಗೆಯ ಪಡೆಗಳನ್ನೇ ಇಳಿಸುವುದರಿಂದ ಮೊದಲ ಸರದಿ ಸಿಕ್ಕವರೇ ಗೆಲ್ಲುತ್ತಿದ್ದಾರೆ, ಇದಕ್ಕೆ ಪರಿಹಾರವೇನು ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ದೋಷ ಪಡೆಗಳದ್ದಲ್ಲ, ಬರಿದಾದ ಮೇಜಿನದು. ಇಬ್ಬರ ಬಂದೂಕುಗಳ ವ್ಯಾಪ್ತಿಯೂ ಬಲವೂ ಸಮನಾಗಿರುವಾಗ, ಮರೆಯಿಲ್ಲದ ಬಯಲಿನಲ್ಲಿ ಮೊದಲು ಗುಂಡು ಹಾರಿಸಿದವರು ಎದುರಾಳಿಗೆ ತಿರುಗಿ ಹೊಡೆಯುವ ಶಕ್ತಿಯನ್ನೇ ಉಳಿಸುವುದಿಲ್ಲ. ಹತ್ತನೆಯ ಆವೃತ್ತಿಯ ನಿಯಮದಂತೆ ಪಾಳು ಕಟ್ಟಡದ ಆಚೆಗಿರುವ ಪಡೆ ಸಾಮಾನ್ಯವಾಗಿ ಕಾಣುವುದಿಲ್ಲವಾದ್ದರಿಂದ, 60 ಅಂಗುಲ ಉದ್ದ, 44 ಅಂಗುಲ ಅಗಲದ ಮೇಜಿನ ನಡುಭಾಗದಲ್ಲಿಯೇ ಅಂಥ ಕಟ್ಟಡಗಳನ್ನು ನಿಲ್ಲಿಸಿರಿ. ಐದು ಸುತ್ತುಗಳ ಈ ಆಟದಲ್ಲಿ ಅಂಕ ಬರುವುದು ಬಹುಮಟ್ಟಿಗೆ ಮೇಜಿನ ಮೇಲೆ ಗುರುತು ಮಾಡಿದ ಗುರಿತಾಣಗಳನ್ನು ಹಿಡಿದಿಟ್ಟುಕೊಂಡದ್ದಕ್ಕೆ. ಆದಕಾರಣ ಎರಡನೆಯ ಸರದಿಯವರು ಆರಂಭದಲ್ಲಿ ಮರೆಯಲ್ಲಿದ್ದು ಆಮೇಲೆ ಮುನ್ನುಗ್ಗಬಹುದು. ಕಟ್ಟಡಗಳಿಗೆ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಗಳಲ್ಲಿ ಉಳಿಯುವ ಥರ್ಮೊಕೋಲ್ ಸಾಕು, ಆದರೆ ಸ್ಪ್ರೇ ಬಣ್ಣ ಅದನ್ನು ಕರಗಿಸುವುದರಿಂದ ಕುಂಚದಿಂದಲೇ ಬಳಿಯಿರಿ.